ತಲೆ ಬ್ಯಾಟ್ರಿದೇನು ತಪ್ಪು, ಹೊತ್ತ ತಲೆಗೆ ಬುದ್ಧಿ ಬೇಕು

ಬೈರಕೂರು: ಸಂಜೆ ಹೊತ್ತು ಮುಳುಗಿ, ಮುಳಬಾಗಿಲು ಕಡೆಯಿಂದ ಬಂದ ಬಸ್ಸು ಜನರನ್ನು ಇಳಿಸಿ ಹೋದ ಮೇಲೆ, ರಸ್ತೆ ಬದಿಯ ಅಂಗಡಿಗಳ ಮುಂದೆ ನೇತುಹಾಕಿದ ಸರಕನ್ನು ಒಮ್ಮೆ ನೋಡಬೇಕು. ಬಾಳೆಗೊನೆ, ಬಿಸ್ಕತ್ತು ಪೊಟ್ಟಣ, ಮೊಬೈಲ್ ಚಾರ್ಜರ್, ಅದರ ಪಕ್ಕದಲ್ಲೇ ಸಾಲಾಗಿ ತೂಗಾಡುವ ತಲೆಗೆ ಕಟ್ಟುವ ಬ್ಯಾಟರಿ. ಅಂಗಡಿಯವರು ಇದನ್ನು ಹೆಡ್‌ಲೈಟು ಎನ್ನುತ್ತಾರೆ, ಹಳ್ಳಿಯವರು ತಲೆ ಬ್ಯಾಟ್ರಿ ಎನ್ನುತ್ತಾರೆ. ಮೂರು ಸೆಲ್ಲಿನ ತಗಡಿನ ಬ್ಯಾಟರಿ ಮನೆಗೊಂದಿದ್ದರೆ ಅದೇ ದೊಡ್ಡಸ್ತಿಕೆ ಎನ್ನುವ ಕಾಲ ಹೋಯಿತು. ಈಗ ಕೂಲಿಯವನೂ ಎರಡು ದಿನ ಬೀಡಿ ಬಿಟ್ಟರೆ ಹಣೆಗೊಂದು ಸೂರ್ಯನನ್ನು ಕಟ್ಟಿಕೊಳ್ಳಬಹುದು.

ಈ ದೀಪ ಕೊಳ್ಳುವವರು ಮೂರು ಬಗೆ. ಒಬ್ಬ ರಾತ್ರಿ ಮೋಟಾರು ಹಾಕಲು ಹೊಲಕ್ಕೆ ಹೋಗುವ ರೈತ. ಇನ್ನೊಬ್ಬ ಶನಿವಾರ ಬೆನ್ನಿಗೆ ಚೀಲ ಏರಿಸಿ ಬೆಟ್ಟ ಹತ್ತಲು ಬರುವ ಪಟ್ಟಣದ ಹುಡುಗ. ಮೂರನೆಯವನು ಕತ್ತಲಲ್ಲಿ ಮೊಲ, ಕಾಡುಹಂದಿ ಹುಡುಕಿ ಹೊರಡುವ ಶಿಕಾರಿಯವನು. ಮೂವರೂ ಕೊಡುವ ನೋಟು ಒಂದೇ, ಕೊಳ್ಳುವ ಮಾಲೂ ಒಂದೇ. ಅಂಗಡಿಯವನು ಯಾರ ಹಣೆಬರಹ ಓದಬೇಕು ಸ್ವಾಮಿ?

ಸಮಸ್ಯೆ ಇರುವುದು ಇಲ್ಲೇ. ಮೂರನೆಯವನ ಕೆಲಸದಿಂದ ಮೊದಲನೆಯವನಿಗೆ ಕೆಟ್ಟ ಹೆಸರು ಬರುತ್ತಿದೆ. ರಾತ್ರಿ ಹೊಲದಲ್ಲಿ ಬೆಳಕು ಕಂಡರೆ ಅದು ನೀರು ಕಟ್ಟುವ ಬೆಳಕೋ, ಕೋವಿಯ ಹಿಂದಿನ ಬೆಳಕೋ ಎಂದು ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ.

ಕೋಲಾರಕ್ಕೆ ಇದು ಹೊಸದಲ್ಲ

ತಲೆಗೆ ದೀಪ ಕಟ್ಟಿ ದುಡಿಯುವುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ನೆಲದಡಿ ಇಳಿದವರು ಟೋಪಿಯ ಮೇಲಿನ ದೀಪದ ಬೆಳಕಲ್ಲೇ ಬಂಡೆ ಒಡೆದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಆ ಗಣಿಗೆ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿ ಬಾಗಿಲು ಹಾಕಿತು. ಆಗ ಸೊಂಟಕ್ಕೆ ಭಾರದ ಬ್ಯಾಟರಿ ಕಟ್ಟಿ, ಅಲ್ಲಿಂದ ತಲೆಗೆ ತಂತಿ ಎಳೆಯಬೇಕಿತ್ತು. ಈಗ ಅಷ್ಟೂ ಸರಂಜಾಮು ಒಂದು ಹಿಡಿಯಲ್ಲಿ ಅಡಗುತ್ತದೆ.

ಇದಕ್ಕೆ ಎರಡು ಕಾರಣ. ಒಂದು ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದು ಬಿಳಿ ಬೆಳಕಿಗೆ ದಾರಿ ಮಾಡಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಇನ್ನೊಂದು ಮತ್ತೆ ಮತ್ತೆ ಚಾರ್ಜು ಮಾಡುವ ಲಿಥಿಯಂ ಬ್ಯಾಟರಿ. ಅದನ್ನು ರೂಪಿಸಿದವರಿಗೆ 2019ರಲ್ಲಿ ನೊಬೆಲ್. ಹೀಗೆ ಎರಡು ನೊಬೆಲ್ಲಿನ ಫಲ ನಮ್ಮ ಅಂಗಡಿಯ ಮೊಳೆಗೆ ನೇತಾಡುತ್ತಿದೆ.

ರೈತನಿಗೆ ಇದು ಪ್ರಾಣರಕ್ಷಕ

ಮೂರು ಫೇಸ್ ಕರೆಂಟು ಯಾವಾಗ ಕೊಡುತ್ತಾರೋ ಆಗ ನೀರು ಬಿಡಬೇಕು. ಪಾಳಿ ರಾತ್ರಿಗೆ ಬಿದ್ದರೆ ರೈತನ ನಿದ್ದೆಯೂ ಹೋಯಿತು. ಒಂದು ಕೈಯಲ್ಲಿ ಸನಿಕೆ, ಇನ್ನೊಂದು ಕೈಯಲ್ಲಿ ಬ್ಯಾಟರಿ ಹಿಡಿದು ಟೊಮೇಟೊ ಸಾಲಿಗೆ ನೀರು ತಿರುಗಿಸುವುದು ಎಂಥ ಪೇಚಾಟ ಎಂದು ಮಾಡಿದವರಿಗೇ ಗೊತ್ತು. ತಲೆಗೆ ದೀಪ ಬಂದ ಮೇಲೆ ಎರಡು ಕೈಯೂ ಬಿಡುವಾದವು. ರೇಷ್ಮೆ ಹುಳುವಿಗೆ ರಾತ್ರಿ ಸೊಪ್ಪು ಹಾಕುವ ಹೆಣ್ಣುಮಗಳಿಗೂ, ಬೆಳಗಿನ ಮಾರುಕಟ್ಟೆಗೆಂದು ನಸುಕಿಗೇ ಹೂ ಬಿಡಿಸುವವರಿಗೂ ಇದು ಉಪಕಾರವೇ.

ಎಲ್ಲಕ್ಕಿಂತ ದೊಡ್ಡದು ಹಾವಿನ ಮಾತು. ಕಟ್ಟಹಾವು ರಾತ್ರಿ ಸಂಚಾರಿ. ಕೊಳಕುಮಂಡಲ ಬದುವಿನ ಹುಲ್ಲಲ್ಲಿ ಸುಮ್ಮನೆ ಬಿದ್ದಿರುತ್ತದೆ, ತುಳಿದರೆ ಮುಗಿಯಿತು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದೆ ಎಂದರೆ ಅದರ ಗಾಂಭೀರ್ಯ ಎಷ್ಟೆಂದು ತಿಳಿಯಬೇಕು. ಕಾಲಿಗೆ ಬೂಟು, ಮುಂದೆ ಬೆಳಕು ಇದ್ದರೆ ಅರ್ಧ ಗಂಡಾಂತರ ತಪ್ಪಿದಂತೆ. ಕಚ್ಚಿದರೆ ಮಂತ್ರ, ಬೇರು, ಬಿಗಿಯಾದ ಕಟ್ಟು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆನೆ ಕಾಟ ಬೇರೆ. ಗಡಿಯಾಚೆ ಪಲಮನೇರು, ಕುಪ್ಪಂ ಸೀಮೆಯಲ್ಲಿ ಆನೆಗಳಿಗೆಂದೇ ಕೌಂಡಿನ್ಯ ಅಭಯಾರಣ್ಯವಿದೆ. ಆನೆಗೆ ಕರ್ನಾಟಕ ಎಲ್ಲಿ ಮುಗಿಯಿತು, ಆಂಧ್ರ ಎಲ್ಲಿ ಶುರುವಾಯಿತು ಎಂಬ ಲೆಕ್ಕವಿಲ್ಲ. ಅಂಥ ಕಡೆ ಬೆಳಕಿಲ್ಲದೆ ಹೊಲಕ್ಕೆ ಹೋಗು ಎನ್ನುವುದು ಸಾಯಿ ಎಂದಂತೆ. ಬೆಳಕಿದೆ ಎಂಬ ಧೈರ್ಯದಲ್ಲಿ ಆನೆಯ ಹತ್ತಿರ ಹೋಗುವುದೂ ಅಷ್ಟೇ.

ಶಿಕಾರಿಯವರಿಗೆ ಎರಡು ಮಾತು

"ಅಲ್ಲಾ ಸಾರ್, ನಮ್ಮ ತಾತನ ಕಾಲದಿಂದ ಮೊಲ ಹೊಡೀತಾ ಇದೀವಿ, ಈಗೇನು ಹೊಸ ಕಾನೂನು?" ಎಂಬುದು ಕಟ್ಟೆಯ ಮೇಲೆ ಕೇಳಿಬರುವ ವಾದ. ತಾತನ ಕಾಲದಲ್ಲಿ ನಾಯಿ, ಬಲೆ, ದೊಣ್ಣೆ ಇತ್ತು, ನಿಜ. ಮೊಲಕ್ಕೂ ಕಾಲಿತ್ತು, ಓಡಿ ಬದುಕುವ ದಾರಿ ಇತ್ತು. ಇಂದು ಹಾಗಲ್ಲ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಈ ಬಿಳಿ ಬೆಳಕು ಒಮ್ಮೆಲೇ ರಾಚಿದರೆ ಪ್ರಾಣಿಗೆ ಏನೂ ಕಾಣದು. ದಿಕ್ಕು ತೋಚದೆ ನಿಂತಲ್ಲೇ ನಿಲ್ಲುತ್ತದೆ. ನರಿ, ಜಿಂಕೆಯಂಥವಕ್ಕೆ ಕಣ್ಣಿನ ಹಿಂದೆ ಕನ್ನಡಿಯಂಥ ಪೊರೆ ಇರುವುದರಿಂದ ಆ ಕಣ್ಣೇ ಹೊಳೆದು ಜಾಗ ತೋರಿಸಿಕೊಡುತ್ತದೆ. ಮರದ ಮೇಲೆ ಮಲಗಿದ ಹಕ್ಕಿಯ ಪಾಡು ಇನ್ನೂ ಕಷ್ಟ. ಕಣ್ಣು ಕಟ್ಟಿ ಹೊಡೆಯುವುದಕ್ಕೆ ಬೇಟೆ ಎನ್ನುವುದೇ? ಕಟುಕನ ಕೆಲಸದಲ್ಲೂ ಇದಕ್ಕಿಂತ ಮರ್ಯಾದೆ ಇದೆ.

ಕಾನೂನೂ ಹೊಸದಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಲೈಸೆನ್ಸು ಪಡೆದು ಬೇಟೆಯಾಡಬಹುದಾಗಿದ್ದ ಆ ಕಾಲದಲ್ಲೇ ಕೃತಕ ಬೆಳಕು ಬಿಟ್ಟು ಹೊಡೆಯುವುದಕ್ಕೆ, ರಾತ್ರಿ ಬೇಟೆಗೆ ಕಡಿವಾಣವಿತ್ತು. 1991ರ ತಿದ್ದುಪಡಿಯಿಂದ ಬೇಟೆಯೇ ನಿಷೇಧವಾಯಿತು. 2022ರಲ್ಲಿ ಮತ್ತೆ ತಿದ್ದಿ, ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಬಿಗಿ ಮಾಡಿದ್ದಾರೆ. ನವಿಲು, ಕೃಷ್ಣಮೃಗದಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ. ಹೊಡೆದರೆ ಮಾತ್ರವಲ್ಲ, ಉರುಳು ಹಾಕಿದರೂ, ಅಟ್ಟಿಸಿಕೊಂಡು ಹೋದರೂ, ಹೊಡೆಯಲು ಪ್ರಯತ್ನಪಟ್ಟರೂ ಅದು ಬೇಟೆಯೇ. ಬಳಸಿದ ಕೋವಿ, ಬೈಕು ಎಲ್ಲ ಸರ್ಕಾರದ ಪಾಲು. ಒಂದು ಮೊಲದ ಸಾರಿಗೆ ಇಷ್ಟೆಲ್ಲ ತೆರಬೇಕೇ? ಗಡಿ ದಾಟಿದರೆ ಬಚಾವು ಎಂದುಕೊಂಡವರಿಗೂ ಒಂದು ಮಾತು: ಇದು ಕೇಂದ್ರದ ಕಾಯಿದೆ, ನಂಗಲಿಯ ಈಚೆಗೂ ಒಂದೇ, ಆಚೆಗೂ ಒಂದೇ.

ಇನ್ನೊಂದು ಭಯವಿದೆ. ಕತ್ತಲಲ್ಲಿ ದೂರಕ್ಕೆ ಏನೋ ಹೊಳೆಯಿತೆಂದು ಗುಂಡು ಹಾರಿಸುವವನಿಗೆ ಅದು ಹಂದಿಯ ಕಣ್ಣೋ, ನೀರು ಕಟ್ಟುತ್ತಿರುವ ಮನುಷ್ಯನೋ ಎಂದು ಏನು ಖಾತ್ರಿ? ಆಮೇಲೆ ಎದೆ ಬಡಿದುಕೊಂಡರೆ ಹೋದ ಜೀವ ಬರುತ್ತದೆಯೇ?

ಕಾಡುಹಂದಿ ಬೆಳೆ ಹಾಳುಮಾಡುವುದು ಸುಳ್ಳಲ್ಲ. ರೈತನ ಸಂಕಟ ದೊಡ್ಡದು. ಅದಕ್ಕೆ ಬೆಳೆನಷ್ಟದ ಪರಿಹಾರಕ್ಕೆ ಅರ್ಜಿ ಇದೆ. ತೀರಾ ಉಪದ್ರವವಾದರೆ ಅಧಿಕಾರಿಯ ಲಿಖಿತ ಅನುಮತಿಗೂ ಕಾಯಿದೆಯಲ್ಲೇ ಅವಕಾಶವಿದೆ. ಆ ಅರ್ಜಿ ಮೇಜಿನಿಂದ ಮೇಜಿಗೆ ಅಲೆದು ಬೆಳೆ ಒಣಗಿದ ಮೇಲೆ ಹಣ ಕೈಗೆ ಬಂದರೆ ಏನು ಫಲ? ಕಾನೂನಿನ ದಾರಿ ಮುಳ್ಳಾದಷ್ಟೂ ಜನ ಅಡ್ಡದಾರಿ ಹಿಡಿಯುತ್ತಾರೆಂಬುದನ್ನು ಅರಣ್ಯ ಇಲಾಖೆ ಮರೆಯಬಾರದು.

ಬೆಟ್ಟ ಹತ್ತುವವರಿಗೆ

ಕೋಲಾರದ ಅಂತರಗಂಗೆ, ನಮ್ಮ ಆವಣಿ ಬೆಟ್ಟಗಳಿಗೆ ಬೆಂಗಳೂರಿನ ಹುಡುಗರು ಬರುತ್ತಾರೆ, ಬರಲಿ. ಹೋಟೆಲಿನವನಿಗೆ ನಾಲ್ಕು ಇಡ್ಲಿ ಹೆಚ್ಚು ಮಾರಾಟವಾದರೆ ಸಂತೋಷವೇ. ಆದರೆ ಕೈಗೆ, ತಲೆಗೆ, ಸೊಂಟಕ್ಕೆ ಯಂತ್ರ ಕಟ್ಟಿಕೊಂಡು ಬರುವ ಇವರಲ್ಲಿ ಕೆಲವರಿಗೆ ಯಾವ ಯಂತ್ರಕ್ಕೆ ಏನು ಕಾನೂನು ಎಂಬ ಅರಿವಿಲ್ಲ. ನೇರ ಉಪಗ್ರಹಕ್ಕೆ ಸಂದೇಶ ಕಳಿಸುವ ಫೋನು, ಅದೇ ಬಗೆಯ ಸಣ್ಣ ಸಾಧನಗಳನ್ನು ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಾಗೆ ತಂದ ವಿದೇಶೀ ಪ್ರವಾಸಿಗರು ಗೋವಾ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ಕೈಗೆ ಸಿಕ್ಕಿ ಪೇಚಾಡಿದ್ದುಂಟು. ವಾಕಿಟಾಕಿಯಲ್ಲೂ ನಿಗದಿಯಾದ ಕಡಿಮೆ ಶಕ್ತಿಯವಕ್ಕೆ ಮಾತ್ರ ಲೈಸೆನ್ಸಿನ ವಿನಾಯಿತಿ. ಉಳಿದವನ್ನು ಆನ್‌ಲೈನಿನಲ್ಲಿ ಎಗ್ಗಿಲ್ಲದೆ ಮಾರುತ್ತಿದ್ದ ಕಂಪನಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟೀಸು ಕೊಟ್ಟಿತು.

ಅಷ್ಟೆಲ್ಲ ಬೇಕೂ ಇಲ್ಲ. ಜೇಬಿನ ಮೊಬೈಲಿನಲ್ಲೇ ಜಿಪಿಎಸ್ ಇದೆ. ಸಿಗ್ನಲ್ ಇಲ್ಲದ ಕಡೆಯೂ ಅದು ನಿಂತ ಜಾಗ ಹೇಳುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು ಅಷ್ಟೇ. ಅರಣ್ಯ ಇಲಾಖೆಯ ಅನುಮತಿ ಪಡೆದು, ತುರ್ತಿಗೆ 112 ನೆನಪಿಟ್ಟು, ಊರವರೊಬ್ಬರಿಗೆ ಹೇಳಿ ಹೋದರೆ ಅದಕ್ಕಿಂತ ದೊಡ್ಡ ಯಂತ್ರವಿಲ್ಲ.

ಅಂಗಡಿಯವರ ಹೊಣೆ

ಈಗ ವ್ಯಾಪಾರದ ಮಾತು. ಡಬ್ಬಿಯ ಮೇಲೆ ಸಾವಿರ, ಹತ್ತು ಸಾವಿರ ಎಂದು ಬೆಳಕಿನ ಅಳತೆ ಅಚ್ಚುಹಾಕಿದ ಅಗ್ಗದ ಮಾಲು ಬರುತ್ತದೆ. ಆ ಅಂಕಿಗೂ ಒಳಗಿನ ಬಲ್ಬಿಗೂ ಸಂಬಂಧವೇ ಇರುವುದಿಲ್ಲ. ಒಳಗೆ ತುಂಬಿದ್ದು ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲೋ, ಹೊಸದೋ ಎಂದು ಕೊಂಡವನಿಗೆ ಗೊತ್ತಾಗುವುದಿಲ್ಲ. ಕೆಟ್ಟ ಲಿಥಿಯಂ ಸೆಲ್ಲು ಚಾರ್ಜಿಗೆ ಹಾಕಿದಾಗ ಊದಿಕೊಳ್ಳಬಹುದು, ಹೊತ್ತಿಕೊಳ್ಳಬಹುದು. ಅದನ್ನು ಹಣೆಗೆ ಕಟ್ಟಿಕೊಳ್ಳುವವನು ನಮ್ಮೂರಿನವನೇ, ನಾಳೆ ಅದೇ ಅಂಗಡಿಗೆ ಉಪ್ಪು ಕೊಳ್ಳಲು ಬರುವವನೇ. ಐದು ರೂಪಾಯಿ ಲಾಭ ಕಡಿಮೆಯಾದರೂ ಸರಿ, ಬಿಐಎಸ್ ಗುರುತಿನ ಮಾಲು ಇಟ್ಟು ಬಿಲ್ಲು ಹಾಕಿಕೊಟ್ಟರೆ ವ್ಯಾಪಾರಕ್ಕೂ ಮರ್ಯಾದೆ. ರಾತ್ರಿ ಮೋಟಾರಿಗೆ ಹೊರಟ ರೈತನ ಜೇಬಿನಲ್ಲಿ ಆ ಬಿಲ್ಲಿದ್ದರೆ ಕೇಳಿದವರಿಗೆ ತೋರಿಸಲೂ ಆಯಿತು. ಸತ್ತ ಬ್ಯಾಟರಿಯನ್ನು ತಿಪ್ಪೆಗೆ, ಕೆರೆ ಅಂಗಳಕ್ಕೆ ಎಸೆಯುವುದು ನಿಲ್ಲಬೇಕು. ಅವನ್ನು ಹಿಂದಕ್ಕೆ ಪಡೆಯುವ ಹೊಣೆ ಉತ್ಪಾದಕರದು ಎಂದು 2022ರ ನಿಯಮವೇ ಹೇಳಿದೆ. ಅಂಗಡಿಯ ಮೂಲೆಯಲ್ಲೊಂದು ಡಬ್ಬ ಇಡಲು ಖರ್ಚೇನು?

ಆಗಬೇಕಾದ್ದೇನು?

ದೀಪ ಮಾರುವುದನ್ನೇ ನಿಲ್ಲಿಸಿ ಎಂದು ಕೂಗುವವರಿದ್ದಾರೆ. ಅದು ನೆಗಡಿಗೆ ಮೂಗು ಕೊಯ್ದ ಹಾಗೆ. ನಿಲ್ಲಬೇಕಾದ್ದು ಬೇಟೆ. ಅರಣ್ಯ ಸಿಬ್ಬಂದಿ ನೀಲಗಿರಿ ತೋಪುಗಳ ಕಡೆ ರಾತ್ರಿ ಗಸ್ತು ಹೆಚ್ಚಿಸಲಿ. ಹಣೆಯಲ್ಲಿ ದೀಪವಿದ್ದ ಮಾತ್ರಕ್ಕೆ ರೈತನನ್ನು ಕಳ್ಳನಂತೆ ನಿಲ್ಲಿಸಿ ವಿಚಾರಿಸುವುದು ಬೇಡ. ಕೈಯಲ್ಲಿ ಸನಿಕೆ ಇದೆಯೋ ಕೋವಿ ಇದೆಯೋ ನೋಡಿದರೆ ಸಾಕು. ಬೆಳೆನಷ್ಟದ ಅರ್ಜಿಗಳನ್ನು ಹೋಬಳಿ ಮಟ್ಟದಲ್ಲೇ ತೆಗೆದುಕೊಂಡು ಬೇಗ ಇತ್ಯರ್ಥ ಮಾಡಲಿ.

ಇನ್ನು ಮೂಲಕ್ಕೆ ಬಂದರೆ, ರೈತ ರಾತ್ರಿ ಹೊಲಕ್ಕೆ ಹೋಗುವುದು ಗಾಳಿ ಸೇವಿಸಲು ಅಲ್ಲ. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡಲೆಂದೇ ಸೌರ ಫೀಡರ್‌ಗಳಿಗೆ ಅವಕಾಶವಿರುವ ಕುಸುಮ್ ಯೋಜನೆ 2019ರಲ್ಲಿ ಬಂದಿದೆ. ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ ಅದು ಊರೂರಿಗೂ ಮುಟ್ಟಲಿ. ಹಗಲು ನೀರು ಹರಿದರೆ ಹಾವು, ಆನೆ, ಗುಂಡು, ಅನುಮಾನ ನಾಲ್ಕೂ ಒಟ್ಟಿಗೆ ತಪ್ಪುತ್ತವೆ.

ಆಗ ರಾತ್ರಿ ಹೊಲದಲ್ಲಿ ಬೆಳಕು ಕಂಡರೆ ಅದು ಯಾರದ್ದೆಂದು ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ರೈತ ಮನೆಯಲ್ಲಿ ಮಲಗಿರುತ್ತಾನೆ, ಸಿಕ್ಕಿಬೀಳುವವನು ಶಿಕಾರಿಯವನೇ. ವಿದ್ಯುತ್ ಕಂಪನಿಯವರೂ ಅರಣ್ಯ ಇಲಾಖೆಯವರೂ ಒಂದೇ ಮೇಜಿನ ಮುಂದೆ ಕೂತು ಇಷ್ಟು ಮಾಡುವರೇ?