ಕಲ್ಲಿನ ಕಾಡು ಉಳಿಯಿತು, ಅಂಗಳದ ಗಿಡ ಯಾಕೆ ಒಣಗಿತು?



ನಮ್ಮ ಶಾಲೆ ಜಗಲಿಯ ಮೂಲೆಯಲ್ಲಿರುವ ಪುಟ್ಟ ಕಾಡನ್ನು ನೀವೆಲ್ಲ ನೋಡಿದ್ದೀರಿ. ಎರಡು ಅಡಿ ಉದ್ದದ ಚಪ್ಪಡಿ ಕಲ್ಲಿನ ಮೇಲೆ 7 ಬಸರಿ ಗಿಡ. ಎಲ್ಲಕ್ಕಿಂತ ದೊಡ್ಡದೂ ಒಂದೂವರೆ ಗೇಣು ದಾಟಿಲ್ಲ. ಇದಕ್ಕೆ ಬೋನ್ಸಾಯ್ ಅಂತಾರೆ. ಜಪಾನಿ ಭಾಷೆಯಲ್ಲಿ ತಟ್ಟೆಯಲ್ಲಿ ನೆಟ್ಟದ್ದು ಎಂದು ಅರ್ಥ. ಈ ಕಲೆ ಚೀನಾದಿಂದ ಜಪಾನಿಗೆ ಹೋಯಿತು ಎಂದು ನಮ್ಮ ಮೇಷ್ಟ್ರು ಹೇಳಿದರು.

ಕಳೆದ ಜೂನ್ ತಿಂಗಳಲ್ಲಿ ಇದನ್ನು ಮಾಡಿದೆವು. ಬಾವಿ ಕಟ್ಟೆಯ ಬಿರುಕಿನಲ್ಲಿ ಹುಟ್ಟಿದ್ದ ಸಸಿಗಳನ್ನು ಬೇರು ಸಮೇತ ತಂದೆವು. ಕಲ್ಲಿಗೆ ಸಿಮೆಂಟಿನಿಂದ ತಂತಿ ತುಂಡು ಅಂಟಿಸಿದೆವು. ಕೆರೆ ಗೋಡನ್ನು ಸಗಣಿ ಜೊತೆ ಕಲಸಿ ಸುತ್ತ ಬದು ಕಟ್ಟಿದೆವು. ಉದ್ದ ಬೇರು ಕತ್ತರಿಸಿ, ಸಸಿಗಳನ್ನು ತಂತಿಗೆ ಬಿಗಿದು, ಮರಳು ಬೆರೆಸಿದ ಮಣ್ಣು ತುಂಬಿದೆವು. ದೊಡ್ಡದು ನಡುವೆ, ಚಿಕ್ಕವು ಅಂಚಿಗೆ. ಸಾಲಾಗಿ ನೆಟ್ಟರೆ ಕಾಡಿನ ಹಾಗೆ ಕಾಣಲ್ಲ, ಡ್ರಿಲ್ ಮಾಡೋ ಹಾಗೆ ಕಾಣುತ್ತೆ! ಮಣ್ಣು ಕೊಚ್ಚಿ ಹೋಗದಿರಲಿ ಎಂದು ಮೇಲೆ ಪಾಚಿ ಹೊದಿಸಿದೆವು.

ನಮ್ಮಜ್ಜಿ ನೋಡಿ, "ಅಷ್ಟೆತ್ತರ ಬೆಳೆಯೋ ಮರಾನ ಹಿಂಗೆ ಕುಳ್ಳ ಮಾಡ್ತೀರಲ್ಲ, ಪಾಪ ಬರಲ್ವೇನೇ?" ಅಂದರು. ನಾನೂ ಯೋಚನೆ ಮಾಡಿದೆ. ಬಾವಿ ಕಟ್ಟೆಯಲ್ಲಿದ್ದರೆ ಕಟ್ಟೆ ಒಡೆಯುತ್ತೆ ಅಂತ ಹೇಗೂ ಕಿತ್ತು ಎಸೆಯುತ್ತಿದ್ದರು. ಆದ್ದರಿಂದ ಕುಳ್ಳ ಮಾಡಿದ್ದು ಪಾಪ ಅಲ್ಲ. ನೆಟ್ಟು ನೀರು ಹಾಕದೇ ಇರುವುದೇ ಪಾಪ ಎಂದು ನನ್ನ ಅಭಿಪ್ರಾಯ.

ವನಮಹೋತ್ಸವವನ್ನು 1950ರಲ್ಲಿ ಆಗಿನ ಕೇಂದ್ರ ಮಂತ್ರಿ ಕೆ.ಎಂ. ಮುನ್ಷಿಯವರು ಶುರು ಮಾಡಿದರು. ಕಳೆದ ಜುಲೈನಲ್ಲಿ ನಾವೂ ಅಂಗಳದಲ್ಲಿ 20 ಗಿಡ ನೆಟ್ಟೆವು. ಹೋದ ವಾರ ಎಣಿಸಿದೆ. ಉಳಿದಿರುವುದು 4! ಇಡೀ ನೆಲವೇ ಇದ್ದ ಗಿಡ ಸತ್ತಿತು. ನಾಲ್ಕು ಬೆರಳು ಮಣ್ಣಿನ ಗಿಡ ಬದುಕಿತು. ಯಾಕೆ? ಕಲ್ಲಿನ ಕಾಡಿಗೆ ನೀರು ಹಾಕುವ ಸರದಿ ಪಟ್ಟಿ ಇತ್ತು. ಅಂಗಳದ ಗಿಡಕ್ಕೆ ಭಾಷಣ ಇತ್ತು, ಚಪ್ಪಾಳೆ ಇತ್ತು, ಪಟ್ಟಿ ಇರಲಿಲ್ಲ. ಆಡು ತಿಂದವು ಅಂತ ಕೆಲವರು ಹೇಳ್ತಾರೆ. ಬೇಲಿ ಕಟ್ಟದೇ ಇದ್ದದ್ದು ಆಡಿನ ತಪ್ಪಾ?

ಹಿರೋಶಿಮಾದ ಯಾಮಾಕಿ ಮನೆತನದವರ ಹತ್ತಿರ ಒಂದು ಪೈನ್ ಬೋನ್ಸಾಯ್ ಇತ್ತು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗಲೂ ಅದು ಉಳಿಯಿತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಕೊಟ್ಟರು. ಈಗ ವಾಷಿಂಗ್ಟನ್ನಿನಲ್ಲಿದೆ. ಅದರ ಆರೈಕೆ ಶುರುವಾಗಿದ್ದು 1625ರಲ್ಲಂತೆ. ಅಂದರೆ 400 ವರ್ಷ ಒಬ್ಬರಾದ ಮೇಲೆ ಒಬ್ಬರು ನೀರು ಹಾಕಿದ್ದಾರೆ. ನಮಗೆ ಒಂದು ಬೇಸಿಗೆ ಆಗಲ್ವಾ?

ಏಪ್ರಿಲ್‌ನಲ್ಲಿ ರಜೆ ಬರುತ್ತದೆ. ಕಲ್ಲು ಕಾದರೆ ಮಧ್ಯಾಹ್ನದೊಳಗೆ ಮಣ್ಣು ಒಣಗಿಬಿಡುತ್ತದೆ, ದಿನಕ್ಕೆ ಎರಡು ಸಲ ನೀರು ಬೇಕು. ನಾನು ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗುತ್ತೇನೆ. ಆಮೇಲೆ ಯಾರು? ಕಲ್ಲಿನ ಮೇಲೆ 7, ಅಂಗಳದಲ್ಲಿ 4, ಒಟ್ಟು 11 ಗಿಡ. ಈ ಹಾಳೆಯ ಕೆಳಗೆ 11 ಗೆರೆ ಎಳೆದಿದ್ದೇನೆ. ಗೆರೆಗೆ ಒಬ್ಬರಂತೆ ಹೆಸರು ಬರೆಯಿರಿ. ಮೊದಲನೆಯದು ನನ್ನದು. ನಮ್ಮ ಮನೆ ಶಾಲೆ ಹಿಂದೇನೇ ಇದೆ, ರಜೆಯಲ್ಲೂ ಬರುತ್ತೇನೆ.

– ಏಳನೇ ತರಗತಿಯ ವಿದ್ಯಾರ್ಥಿನಿ