ಲಸಿಕೆಯಿಂದಾದ ಹಾನಿ: ಅರ್ಜಿ ಸಲ್ಲಿಸುವುದು ಎಲ್ಲಿ?

ಹಾಸನ ಜಿಲ್ಲೆಯಲ್ಲಿ 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರು. ಅವರಲ್ಲಿ ಹಲವರು ಇನ್ನೂ ಚಿಕ್ಕ ವಯಸ್ಸಿನವರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮೋದನೆ ನೀಡಿದ್ದೂ ಇದಕ್ಕೆ ಕಾರಣವಾಗಿರಬಹುದು ಎಂಬ ಸಂದೇಹವನ್ನು ಸಾರ್ವಜನಿಕವಾಗಿ ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅಂತಹ ಸಂಬಂಧವೇ ಇಲ್ಲವೆಂದಿತು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಯೂ ವರದಿ ನೀಡಿತು. ಜಯದೇವದಲ್ಲಿ ಚಿಕಿತ್ಸೆ ಪಡೆದ 251 ರೋಗಿಗಳ ವಿವರಗಳನ್ನು ಪರಿಶೀಲಿಸಿದ ಸಮಿತಿಗೆ, ಅಕಾಲಿಕ ಹೃದ್ರೋಗಕ್ಕೂ ಲಸಿಕೆಗೂ ನಂಟು ಕಾಣಲಿಲ್ಲ. ಅಷ್ಟರಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತಿದ್ದ ಜನರ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದಿದ್ದವು.

ವೈದ್ಯಕೀಯವಾಗಿ ತಜ್ಞರ ಮಾತೇ ಸರಿಯಿದ್ದೀತು. ಆದರೆ ಈ ವಾದವಿವಾದದಲ್ಲಿ ಯಾರೂ ಕೇಳದೇ ಉಳಿದ ಪ್ರಶ್ನೆಯೊಂದಿದೆ. ಲಸಿಕೆಯಿಂದಲೇ ತನ್ನ ಮನೆಯವರಿಗೆ ಹಾನಿಯಾಯಿತೆಂದು ಒಂದು ಕುಟುಂಬ ಪ್ರಾಮಾಣಿಕವಾಗಿ ನಂಬಿದರೆ, ಆ ಅಹವಾಲನ್ನು ಅದು ಎಲ್ಲಿಗೆ ಒಯ್ಯಬೇಕು? ಸಾಕ್ಷ್ಯವನ್ನು ಪರಿಶೀಲಿಸಿ, ಹೌದು ಅಥವಾ ಅಲ್ಲ ಎಂದು ಕಾರಣಸಹಿತ ತೀರ್ಪು ನೀಡಿ, ಹೌದಾದರೆ ಪರಿಹಾರ ಕೊಡಿಸುವ ಸ್ಥಳ ಯಾವುದು? ದೇಶದಲ್ಲಿ 200 ಕೋಟಿಗೂ ಹೆಚ್ಚು ಡೋಸ್‌ಗಳನ್ನು ನೀಡಿದ ಆ ಬೃಹತ್ ಅಭಿಯಾನವನ್ನು ಅಂತಹದೊಂದು ವ್ಯವಸ್ಥೆಯಿಲ್ಲದೆಯೇ ನಡೆಸಲಾಯಿತು. ಅದಿಲ್ಲದ ಕಡೆ ತೀರ್ಪುಗಳು ಪತ್ರಿಕಾಗೋಷ್ಠಿಗಳಲ್ಲಿ ಹೊರಬೀಳುತ್ತವೆ.

ಲಸಿಕೆ ಬೇಕೇ ಬೇಡವೇ ಎಂಬುದು ಇಲ್ಲಿ ಚರ್ಚೆಯ ವಿಷಯವಲ್ಲ. ಸಿಡುಬನ್ನು ಅಳಿಸಿಹಾಕಿದ, ಪೋಲಿಯೊವನ್ನು ಈ ದೇಶದಿಂದ ಹೊರಗಟ್ಟಿದ ಸಾಧನದ ಬಗ್ಗೆ ವಿವಾದಕ್ಕೆ ಆಸ್ಪದವಿಲ್ಲ. ಆದರೆ ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಅದರಿಂದ ಗಂಭೀರ ಹಾನಿಯಾಗಬಹುದೆಂಬುದನ್ನು ವಿಜ್ಞಾನವೇ ಒಪ್ಪುತ್ತದೆ. 2021ರ ಜೂನ್‌ನಲ್ಲಿ ನಮ್ಮದೇ ರಾಷ್ಟ್ರೀಯ ಸಮಿತಿ, ಕೋವಿಡ್ ಲಸಿಕೆ ಪಡೆದ 68 ವರ್ಷದ ವ್ಯಕ್ತಿಯೊಬ್ಬರ ಸಾವಿಗೆ ಲಸಿಕೆಯಿಂದುಂಟಾದ ತೀವ್ರ ಅಲರ್ಜಿಯೇ ಕಾರಣವೆಂದು ದೃಢಪಡಿಸಿತು. ನಮ್ಮಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ಬಳಕೆಯಾದ ಲಸಿಕೆಯನ್ನು ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೂ, ಅತಿ ವಿರಳ ಪ್ರಸಂಗಗಳಲ್ಲಿ ಅದರಿಂದ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯುವ ಅಪಾಯವಿದೆಯೆಂದು 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಸಮುದಾಯದ ಒಳಿತಿಗಾಗಿ ಎಲ್ಲರೂ ತೋಳೊಡ್ಡಿದಾಗ, ಆ ಒಳಿತಿನ ಬೆಲೆಯನ್ನು ಯಾರೋ ಒಬ್ಬರು ತಮ್ಮ ಪ್ರಾಣದಿಂದ ತೆತ್ತರೆ, ಅವರ ಕುಟುಂಬದ ಹೊಣೆ ಯಾರದು?

ಈ ಪ್ರಶ್ನೆಗೆ ಕೇಂದ್ರ ಸರ್ಕಾರ ಕೊಟ್ಟ ಉತ್ತರ ದಾಖಲೆಯಲ್ಲಿದೆ. ಲಸಿಕೆಯ ನಂತರ ಮೃತಪಟ್ಟ ಇಬ್ಬರು ಯುವತಿಯರ ತಂದೆತಾಯಂದಿರು ಸುಪ್ರೀಂ ಕೋರ್ಟ್‌ನ ಮೊರೆ ಹೋದಾಗ, 2022ರ ನವೆಂಬರ್‌ನಲ್ಲಿ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು. ಲಸಿಕೆ ಪಡೆಯುವುದು ಸ್ವಯಂಪ್ರೇರಿತ, ಆದ್ದರಿಂದ ಸಾವಿಗೆ ಸರ್ಕಾರವನ್ನು ನೇರವಾಗಿ ಹೊಣೆಯಾಗಿಸಲಾಗದು. ಬೇಕಿದ್ದವರು ನಿರ್ಲಕ್ಷ್ಯವನ್ನು ಆರೋಪಿಸಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂಬುದು ಅದರ ಸಾರಾಂಶ.

‘ಸ್ವಯಂಪ್ರೇರಿತ’ ಎಂಬ ಪದವನ್ನು ಕರ್ನಾಟಕದಲ್ಲಿ ಓದಿದವರಿಗೆ ನಗು ಬಂದಿರಬೇಕು. 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಎರಡೂ ಡೋಸ್ ಪಡೆಯದವರಿಗೆ ಮಾಲ್, ಚಿತ್ರಮಂದಿರಗಳಿಗೆ ಪ್ರವೇಶವಿರಲಿಲ್ಲ; ಶಾಲೆಗೆ ಬರುವ ಮಕ್ಕಳ ಪೋಷಕರೂ ಎರಡು ಡೋಸ್ ಪಡೆದಿರಬೇಕಿತ್ತು. ಕಾನೂನಿನ ಕಣ್ಣಿಗೆ ಇದು ಕಡ್ಡಾಯವಲ್ಲದಿರಬಹುದು, ಬೀದಿಯಲ್ಲಿದ್ದವನಿಗೆ ಕಡ್ಡಾಯವೇ ಆಗಿತ್ತು.

ಇನ್ನು ಸಿವಿಲ್ ನ್ಯಾಯಾಲಯದ ಮಾತು. ಅಲ್ಲಿ ಯಾರದ್ದಾದರೂ ತಪ್ಪನ್ನು ರುಜುವಾತುಪಡಿಸಬೇಕು. ಲಸಿಕೆಯ ವಿರಳ ಹಾನಿಯ ವೈಶಿಷ್ಟ್ಯವೇ ಅಲ್ಲಿ ಯಾರ ತಪ್ಪೂ ಇಲ್ಲದಿರುವುದು. ತಯಾರಿಕೆ ಸರಿಯಾಗಿರುತ್ತದೆ, ಶೈತ್ಯ ವ್ಯವಸ್ಥೆ ಸರಿಯಾಗಿರುತ್ತದೆ, ಚುಚ್ಚಿದ ನರ್ಸ್ ನಿಯಮ ಪಾಲಿಸಿರುತ್ತಾರೆ. ಆದರೂ ಒಂದು ದೇಹ ಅದನ್ನು ತಾಳಿಕೊಳ್ಳುವುದಿಲ್ಲ. ತಪ್ಪೇ ಇಲ್ಲದ ಕಡೆ ತಪ್ಪು ಹುಡುಕಿ ತನ್ನಿ ಎಂದು ಹೇಳುವುದು ಬಾಗಿಲು ತೋರಿಸಿ ಬೀಗ ಹಾಕಿದಂತೆ. ಗ್ರಾಹಕರ ವೇದಿಕೆಗಾದರೂ ಹೋಗಬಹುದಲ್ಲವೇ ಎಂದರೆ, ಎಲ್ಲರಿಗೂ ಪೂರ್ಣ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಲಸಿಕೆ ಪಡೆದ ಬಡವನಿಗೆ ಆ ದಾರಿಯೂ ಇಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಪಡೆದವರಿಗೆ ಮಾತ್ರ ಅದು ಅಷ್ಟಿಷ್ಟು ತೆರೆದಿದೆ.

ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳೋಣ. ಕೆಲಸದ ವೇಳೆ ಯಂತ್ರಕ್ಕೆ ಸಿಲುಕಿ ಆತ ಮೃತಪಟ್ಟರೆ, ಮಾಲೀಕನ ತಪ್ಪನ್ನು ತೋರಿಸದೆಯೂ ಕುಟುಂಬಕ್ಕೆ ಪರಿಹಾರ ದೊರಕಿಸುವ ಕಾನೂನು 1923ರಿಂದಲೂ ನಮ್ಮಲ್ಲಿದೆ. ಪಾಳಿ ಮುಗಿಸಿ ಹೊರಟಾಗ ಹೆದ್ದಾರಿಯಲ್ಲಿ ಲಾರಿ ಬಡಿದರೆ, ಚಾಲಕನ ತಪ್ಪು ರುಜುವಾತಾಗದಿದ್ದರೂ ಮರಣಕ್ಕೆ 5 ಲಕ್ಷ ರೂಪಾಯಿ ನೀಡಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ತನ್ನ ಊರಿನ ಹೊಲದಲ್ಲಿ ಆತನ ಮೇಲೆ ಚಿರತೆ ಎರಗಿದರೆ ಅರಣ್ಯ ಇಲಾಖೆ ಪರಿಹಾರ ನೀಡುತ್ತದೆ. ಚಿರತೆಯ ನಿರ್ಲಕ್ಷ್ಯವನ್ನು ರುಜುವಾತುಪಡಿಸಿ ಎಂದು ಯಾರೂ ಕೇಳುವುದಿಲ್ಲ. ಹೊಸ ಲಸಿಕೆಯೊಂದರ ಪ್ರಯೋಗಕ್ಕೆ ಸ್ವಯಂಸೇವಕನಾಗಿ ಸೇರಿ ಅದರಿಂದ ಹಾನಿಗೊಳಗಾದರೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಅನ್ವಯ ಪ್ರಾಯೋಜಕ ಸಂಸ್ಥೆ ಸೂತ್ರಬದ್ಧವಾಗಿ ಲೆಕ್ಕಹಾಕಿ ಹಣ ಕೊಡಬೇಕು. ಅದೇ ಲಸಿಕೆ ಪ್ರಯೋಗ ಮುಗಿಸಿ ಸರ್ಕಾರಿ ಅಭಿಯಾನದ ಭಾಗವಾಗಿ 2021ರಲ್ಲಿ ಆತನ ತೋಳಿಗೆ ಬಂದಾಗ ಮಾತ್ರ ಈ ಎಲ್ಲ ಕಾನೂನುಗಳೂ ಮೌನವಾಗಿದ್ದವು.

ಈ ಮೌನಕ್ಕೆ ಒಂದು ವಿಚಿತ್ರ ಅಪವಾದವಿತ್ತು. 2021ರ ಜನವರಿಯಲ್ಲಿ ಕೋವ್ಯಾಕ್ಸಿನ್‌ಗೆ ‘ಕ್ಲಿನಿಕಲ್ ಪ್ರಯೋಗದ ರೀತಿಯಲ್ಲಿ’ ಅನುಮತಿ ದೊರೆತಿದ್ದರಿಂದ, ಅದನ್ನು ಪಡೆದವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ, ಗಂಭೀರ ಹಾನಿಗೆ ಲಸಿಕೆಯೇ ಕಾರಣವೆಂದು ಸಾಬೀತಾದರೆ ಕಂಪನಿ ಪರಿಹಾರ ನೀಡುತ್ತದೆ ಎಂಬ ವಾಕ್ಯವಿತ್ತು. ಕೋವಿಶೀಲ್ಡ್ ಪಡೆದವರಿಗೆ ಅಂತಹ ಭರವಸೆಯಿರಲಿಲ್ಲ. ಯಾವ ಲಸಿಕೆ ಸಿಗುತ್ತದೆ ಎಂಬುದು ಅಂದು ಆ ಕೇಂದ್ರದಲ್ಲಿ ಯಾವುದರ ದಾಸ್ತಾನಿತ್ತು ಎಂಬುದನ್ನು ಅವಲಂಬಿಸಿತ್ತು. ನಾಗರಿಕನ ಹಕ್ಕೂ ಅದೇ ದಾಸ್ತಾನನ್ನು ಅವಲಂಬಿಸಿತು!

ಸರ್ಕಾರಿ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ತಪ್ಪು ಹುಡುಕದೆ ಪರಿಹಾರ ಕೊಡುವುದು ನಮಗೆ ಹೊಸದೇನೂ ಅಲ್ಲ. ರಮಾಕಾಂತ್ ರೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದ ನಂತರ 2005ರಿಂದ, ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಮರಣ, ತೊಡಕು ಅಥವಾ ಶಸ್ತ್ರಚಿಕಿತ್ಸೆಯ ವೈಫಲ್ಯ ಸಂಭವಿಸಿದರೆ ನಿಗದಿತ ಮೊತ್ತ ಕೊಡುವ ಯೋಜನೆ ಜಾರಿಯಲ್ಲಿದೆ. ತುಮಕೂರು ಜಿಲ್ಲೆಯ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಮೃತಪಟ್ಟಾಗ ಇಂತಹ ವ್ಯವಸ್ಥೆ ಏಕೆ ಬೇಕೆಂಬುದು ಮತ್ತೊಮ್ಮೆ ಮನವರಿಕೆಯಾಯಿತು. ಕುಟುಂಬ ಯೋಜನೆಯಲ್ಲಿ ಒಪ್ಪಿಕೊಂಡ ತತ್ವ ಲಸಿಕೆ ಯೋಜನೆಯಲ್ಲಿ ಏಕೆ ಅಸಾಧ್ಯ?

ಕಾರಣ ನಿರ್ಧರಿಸುವ ತಜ್ಞರಿಲ್ಲ ಎನ್ನುವಂತಿಲ್ಲ. ಲಸಿಕೆಯ ನಂತರದ ಅಹಿತಕರ ಘಟನೆಗಳನ್ನು ಪರಿಶೀಲಿಸಲು ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸಮಿತಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯನ್ನು ಅನುಸರಿಸಿ ಅವು ಪ್ರತಿಯೊಂದು ಘಟನೆಯನ್ನೂ ವರ್ಗೀಕರಿಸುತ್ತವೆ: ಲಸಿಕೆಯ ಗುಣದಿಂದಲೇ ಆದದ್ದು, ತಯಾರಿಕೆಯ ದೋಷದಿಂದ ಆದದ್ದು, ನೀಡುವಾಗಿನ ತಪ್ಪಿನಿಂದ ಆದದ್ದು, ಹೆದರಿಕೆಯಿಂದ ಆದದ್ದು, ಖಚಿತವಾಗಿ ಹೇಳಲಾಗದ್ದು, ಕಾಕತಾಳೀಯವಾದದ್ದು, ಮಾಹಿತಿ ಸಾಲದೆ ವರ್ಗೀಕರಿಸಲಾಗದ್ದು. ಪರಿಹಾರ ನ್ಯಾಯಮಂಡಳಿಯೊಂದು ಮಾಡಬೇಕಾದ ಕಠಿಣ ಕೆಲಸದ ಮುಕ್ಕಾಲು ಪಾಲು ಇದೇ. ಆದರೆ ಈ ಸಮಿತಿಗಳು ಲಸಿಕೆಯ ಸುರಕ್ಷತೆಯ ಮೇಲೆ ನಿಗಾ ಇಡಲು ಹುಟ್ಟಿದವೇ ಹೊರತು, ಕುಟುಂಬದ ಅರ್ಜಿಯನ್ನು ತೀರ್ಮಾನಿಸಲು ಅಲ್ಲ. ‘ಲಸಿಕೆಯೇ ಕಾರಣ’ ಎಂದು ಸಮಿತಿ ಬರೆದರೂ ಆ ಷರಾದಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಪರಿಹಾರವಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಬೆಳಗಾವಿ ಜಿಲ್ಲೆ ತೋರಿಸಿದೆ. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮೂರು ಪುಟ್ಟ ಮಕ್ಕಳು ಮೃತಪಟ್ಟವು. ಲಸಿಕೆಯನ್ನು ಇಟ್ಟ ಮತ್ತು ನೀಡಿದ ಕ್ರಮದಲ್ಲಿ ಲೋಪವಾಗಿದ್ದುದು ಪ್ರಾಥಮಿಕ ವಿಚಾರಣೆಯಲ್ಲಿ ಕಂಡುಬಂದು, ಕೆಳಹಂತದ ಇಬ್ಬರು ಸಿಬ್ಬಂದಿ ಅಮಾನತಾದರು. ಲೋಪ ಮಾಡಿದವರ ಮೇಲೆ ಕ್ರಮ ಆಗಬೇಕಾದದ್ದೇ. ಆದರೆ ನಮ್ಮ ವ್ಯವಸ್ಥೆಗೆ ಗೊತ್ತಿರುವ ಏಕೈಕ ಪರಿಹಾರ ಅಮಾನತು ಎಂದಾದರೆ, ಮುಂದಿನ ಸಲ ಮಗುವೊಂದಕ್ಕೆ ಜ್ವರ ಏರಿದಾಗ ಅದನ್ನು ನಿಷ್ಠೆಯಿಂದ ವರದಿ ಮಾಡಲು ಯಾವ ಆರೋಗ್ಯ ಸಹಾಯಕಿಗೆ ಧೈರ್ಯ ಬಂದೀತು? ಹಾನಿಗೊಳಗಾದವರ ಹಕ್ಕನ್ನು ಸಿಬ್ಬಂದಿಯ ಶಿಕ್ಷೆಯಿಂದ ಬೇರ್ಪಡಿಸಿದರೆ ಮಾತ್ರ ನಿಜ ಹೊರಬರುತ್ತದೆ.

ಉಳಿದ ದೇಶಗಳು ಇದನ್ನು ಕಂಡುಕೊಂಡದ್ದು ದಾನಬುದ್ಧಿಯಿಂದಲ್ಲ. ಜರ್ಮನಿ 1961ರಲ್ಲಿ, ಬ್ರಿಟನ್ 1979ರಲ್ಲಿ ಕಾನೂನು ಮಾಡಿದವು. ಅಮೆರಿಕದಲ್ಲಿ ನಾಯಿಕೆಮ್ಮಿನ ಲಸಿಕೆಯ ಮೇಲೆ ಮೊಕದ್ದಮೆಗಳ ಸುರಿಮಳೆಯಾಗಿ, ಕಂಪನಿಗಳು ತಯಾರಿಕೆಯನ್ನೇ ಕೈಬಿಡತೊಡಗಿದಾಗ 1986ರ ಕಾನೂನು ಬಂತು. ಅಲ್ಲಿ ಪ್ರತಿ ಡೋಸ್‌ನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್‌ನಂತೆ ತೆರಿಗೆ ವಿಧಿಸಿ ನಿಧಿ ಕಟ್ಟಲಾಗಿದೆ. ಯಾವ ಲಸಿಕೆಗೆ ಎಷ್ಟು ಕಾಲದೊಳಗೆ ಯಾವ ತೊಂದರೆ ಕಾಣಿಸಿಕೊಂಡರೆ ಅದನ್ನು ಲಸಿಕೆಯದೆಂದೇ ಭಾವಿಸಬೇಕು ಎಂಬ ಪಟ್ಟಿಯಿದೆ. ವಕೀಲರ ಶುಲ್ಕವನ್ನೂ ನಿಧಿಯೇ ಭರಿಸುತ್ತದೆ. ಈವರೆಗೆ 500 ಕೋಟಿ ಡಾಲರ್‌ಗೂ ಹೆಚ್ಚು ಹಣ ಪಾವತಿಯಾಗಿದೆ, ಲಸಿಕೆ ಕಾರ್ಯಕ್ರಮ ಕುಸಿದಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸುಮಾರು 5,000 ಅರ್ಜಿಗಳು ಅಲ್ಲಿ ದಾಖಲಾಗಿದ್ದವು. ಮಾದರಿ ಪ್ರಕರಣಗಳನ್ನು ದೀರ್ಘವಾಗಿ ಆಲಿಸಿ, 2009 ಮತ್ತು 2010ರಲ್ಲಿ ವಿವರವಾದ ತೀರ್ಪುಗಳ ಮೂಲಕ ತಿರಸ್ಕರಿಸಲಾಯಿತು. ಸಾಕ್ಷ್ಯವನ್ನು ಆಲಿಸಿ ಬರೆದ ‘ಇಲ್ಲ’ಕ್ಕೆ, ಸಚಿವಾಲಯದ ಪತ್ರಿಕಾ ಹೇಳಿಕೆಯ ‘ಇಲ್ಲ’ಕ್ಕಿಂತ ತೂಕ ಹೆಚ್ಚು. ಹಾಸನಕ್ಕೆ ಬೇಕಿದ್ದದ್ದು ಮೊದಲನೆಯದು.

ಹಾಗೆಂದು ವಿದೇಶದ ಮಾದರಿಗಳೆಲ್ಲ ಅನುಕರಣೀಯವಲ್ಲ. ಬ್ರಿಟನ್ನಿನಲ್ಲಿ ಶೇ 60ರಷ್ಟು ಅಂಗವೈಕಲ್ಯ ಸಾಬೀತಾದರೆ ಮಾತ್ರ ಹಣ ಎಂಬ ನಿಯಮ ಬಹಳ ಮಂದಿಯನ್ನು ಹೊರಗಿಟ್ಟಿದೆ. ಅಮೆರಿಕವೂ ಕೋವಿಡ್ ಲಸಿಕೆಯನ್ನು ತನ್ನ ಹಳೆಯ ಉದಾರ ಯೋಜನೆಗೆ ಸೇರಿಸದೆ, ಬೇರೊಂದು ಜಿಪುಣ ಯೋಜನೆಗೆ ಒಪ್ಪಿಸಿತು.

ನೆರೆಯ ಕಾಸರಗೋಡು ಕಲಿಸುವ ಪಾಠ ಇನ್ನೂ ಕಹಿಯಾದದ್ದು. ಅಲ್ಲಿನ ಗೇರು ತೋಟಗಳ ಮೇಲೆ ವಿಮಾನದಿಂದ ಸುರಿದ ಎಂಡೋಸಲ್ಫಾನ್‌ನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಗಡುವು ಮೂರು ತಿಂಗಳು. ಐದು ವರ್ಷಗಳ ನಂತರ, 2022ರಲ್ಲಿ, 3,704 ಮಂದಿಯಲ್ಲಿ ಕೇವಲ ಎಂಟು ಜನರಿಗೆ ಹಣ ಸಂದಿರುವುದನ್ನು ಕಂಡು ಅದೇ ನ್ಯಾಯಾಲಯ ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಆ ಎಂಟು ಜನ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು! ಆದೇಶವಿದ್ದು, ಅದನ್ನು ನಡೆಸುವ ಸಂಸ್ಥೆಯಿಲ್ಲದಿದ್ದರೆ ಹಣ ಕೋರ್ಟಿನ ಮೆಟ್ಟಿಲು ಹತ್ತಬಲ್ಲವರಿಗಷ್ಟೇ ತಲುಪುತ್ತದೆ. ಲಸಿಕೆಯ ವಿಷಯದಲ್ಲಿಯೂ ನ್ಯಾಯಾಲಯದ ನಿರ್ದೇಶನವೊಂದನ್ನೇ ನೆಚ್ಚಿಕೊಂಡರೆ ಇದೇ ಗತಿ.

ವೆಚ್ಚದ ವಾದವನ್ನು ಅಂಕಿಗಳ ಮೇಲೆಯೇ ಪರೀಕ್ಷಿಸಬಹುದು. ಸುಪ್ರೀಂ ಕೋರ್ಟ್‌ಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ 2022ರ ನವೆಂಬರ್‌ವರೆಗೆ 219.86 ಕೋಟಿ ಡೋಸ್ ನೀಡಲಾಗಿತ್ತು. ಗಂಭೀರ ತೊಂದರೆ ಮತ್ತು ಸಾವಿನ ವರದಿಗಳು 2,782. ಇವೆಲ್ಲಕ್ಕೂ ಲಸಿಕೆಯೇ ಕಾರಣವಲ್ಲ, ಹಾಗೆಯೇ ಆದದ್ದೆಲ್ಲ ವರದಿಯಾಗಿರಲಾರದು. ವಾದಕ್ಕಾಗಿ, ಇಷ್ಟೂ ಪ್ರಕರಣಗಳಿಗೆ ತಲಾ 10 ಲಕ್ಷ ಕೊಟ್ಟರೆಂದುಕೊಳ್ಳೋಣ. ಒಟ್ಟು ಸುಮಾರು 278 ಕೋಟಿ ರೂಪಾಯಿ. 2021–22ರ ಬಜೆಟ್‌ನಲ್ಲಿ ಕೋವಿಡ್ ಲಸಿಕೆಗೆಂದು ತೆಗೆದಿರಿಸಿದ್ದ ಮೊತ್ತ 35,000 ಕೋಟಿ. ಶೇ 1ಕ್ಕಿಂತಲೂ ಕಡಿಮೆ ಹಣದ ಬಗ್ಗೆ ಇಷ್ಟೊಂದು ಕಾನೂನು ಹೋರಾಟ ಬೇಕಿತ್ತೇ?

ಪರಿಹಾರ ಕೊಟ್ಟರೆ ಲಸಿಕೆಯ ಬಗ್ಗೆ ಭಯ ಹಬ್ಬುತ್ತದೆ ಎಂಬ ಆತಂಕವನ್ನು ವೈದ್ಯರೇ ಹೇಳುವುದುಂಟು. ಭಯ ಹಬ್ಬುವುದು ಸಾವನ್ನು ಒಪ್ಪಿಕೊಂಡಾಗಲ್ಲ, ಮರಣೋತ್ತರ ಪರೀಕ್ಷೆಯ ಪೂರ್ಣ ವರದಿ ಬರುವ ಮೊದಲೇ ‘ಸಂಬಂಧವಿಲ್ಲ’ ಎಂದು ಘೋಷಿಸಿದಾಗ. ಊರಿನಲ್ಲಿ ಒಬ್ಬರಿಗೆ ತೊಂದರೆಯಾದರೆ ಆ ಸುದ್ದಿಯನ್ನು ಯಾವ ಸಚಿವಾಲಯವೂ ತಡೆಯಲಾರದು.

ಯೋಜನೆ ಬರುವುದಾದರೆ ಅದು ಕೋವಿಡ್‌ಗಷ್ಟೇ ಸೀಮಿತವಾಗಬಾರದು. ಆ ಅಭಿಯಾನ ಮುಗಿದ ಕಥೆ. ವರ್ಷಕ್ಕೆ ಸುಮಾರು 2.6 ಕೋಟಿ ಶಿಶುಗಳಿಗೆ ಲಸಿಕೆ ಹಾಕುವ ಸಾರ್ವತ್ರಿಕ ಕಾರ್ಯಕ್ರಮ ಮಾತ್ರ ನಿರಂತರ. ರಾಮದುರ್ಗದ ಮಕ್ಕಳು ಪಡೆದದ್ದು ಕೋವಿಡ್ ಲಸಿಕೆಯಲ್ಲ ಎಂಬುದನ್ನು ಮರೆಯುವಂತಿಲ್ಲ. ಅರ್ಜಿ ಸಲ್ಲಿಸಲು ಸಾಕಷ್ಟು ಕಾಲಾವಕಾಶ, ‘ಖಚಿತವಾಗಿ ಹೇಳಲಾಗದು’ ಎಂಬ ವರ್ಗಕ್ಕೆ ಸೇರಿದವರಿಗೆ ಸಂದೇಹದ ಲಾಭ, ಸಮಿತಿಯ ನಿರ್ಣಯದ ಮೇಲೆ ಮೇಲ್ಮನವಿ, ಇವಿಷ್ಟೂ ಸಂಸತ್ತಿನ ಕಾನೂನಿನಲ್ಲಿರಬೇಕು. ಇಲಾಖೆಯ ಸುತ್ತೋಲೆ ಸಾಲದು.

ಆದರೆ ದೆಹಲಿಗಾಗಿ ಕಾಯದೆಯೂ ಕರ್ನಾಟಕ ಮಾಡಬಹುದಾದ ಕೆಲಸವೊಂದಿದೆ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ ವಿಷಯ. ಹಾಸನದ ಸಾವುಗಳ ಬಗ್ಗೆ ತಜ್ಞರ ಸಮಿತಿಯಿಂದ ವರದಿ ತರಿಸಿಕೊಳ್ಳಲು ಸಾಧ್ಯವಾದ ಸರ್ಕಾರಕ್ಕೆ, ಜಿಲ್ಲಾ ಮತ್ತು ರಾಜ್ಯ ಸಮಿತಿಗಳು ಯಾವುದೇ ಲಸಿಕೆಯ ನಂತರದ ಸಾವಿನ ಬಗ್ಗೆ ಕೈಗೊಂಡ ನಿರ್ಣಯವನ್ನು, ಅದರ ಕಾರಣಗಳ ಸಮೇತ, ಕನ್ನಡದಲ್ಲಿ, ನಿಗದಿತ ದಿನದೊಳಗೆ ಆ ಮನೆಗೆ ತಲುಪಿಸಬೇಕೆಂಬ ನಿಯಮ ಮಾಡುವುದು ಕಷ್ಟವಲ್ಲ. ಪರಿಹಾರ ನಿಧಿ ಬರುವ ದಿನ ಆ ಕಾಗದವೇ ಅರ್ಜಿಯ ಮೊದಲ ಪುಟವಾಗುತ್ತದೆ.