ಉದ್ದ ಪದಕ್ಕೆ ಚಪ್ಪಾಳೆ ಸಾಕು

ಇಂಗ್ಲಿಷಿನ ಅತಿ ಉದ್ದದ ಪದ ಯಾವುದು ಎಂದು ಕೇಳದೆ ನಮ್ಮಲ್ಲಿ ಯಾವ ಪದಸ್ಪರ್ಧೆಯೂ ಮುಗಿಯುವುದಿಲ್ಲ. ಉತ್ತರ ಕೆಲವರಿಗೆ ಬಾಯಿಪಾಠ: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಒಟ್ಟು 45 ಅಕ್ಷರ. ಒಂದೇ ಉಸಿರಿಗೆ ಹೇಳಿದವರಿಗೆ ಚಪ್ಪಾಳೆ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವರು, ಇದು ನಮ್ಮ ಆಟವಲ್ಲ ಎಂದು ಹಿಂದಿನ ಬೆಂಚಿನಲ್ಲಿ ಸುಮ್ಮನಿರುತ್ತಾರೆ. ಈ ಪ್ರಶ್ನೆಯನ್ನು ಇನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಆ ಪದವನ್ನು ಮಾಡಿದವರು ವೈದ್ಯರಲ್ಲ. 1935ರಲ್ಲಿ ಅಮೆರಿಕದ ಪದ ಒಗಟುಗಾರರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್, ಎಲ್ಲಕ್ಕಿಂತ ಉದ್ದವಾಗಿರಲಿ ಎಂದೇ ಅದನ್ನು ಕಟ್ಟಿದರು. ಸಿಲಿಕಾದ ಸಣ್ಣ ದೂಳನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ಬರುವ ಕಾಯಿಲೆ ಎಂದು ಅರ್ಥ. ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ 9 ಅಕ್ಷರ. ಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ ಬರುವ ಕಾಯಿಲೆ ಅದು. 45 ಅಕ್ಷರ ಕಂಠಪಾಠ ಮಾಡಿದ ಎಷ್ಟು ಜನರಿಗೆ ಇದು ಗೊತ್ತು? 29 ಅಕ್ಷರದ ಫ್ಲಾಕ್ಸಿನಾಸಿನೈಹಿಲಿಪಿಲಿಫಿಕೇಶನ್ ಎಂಬುದೂ ಇದೆ. ಯಾವುದನ್ನಾದರೂ ಬೆಲೆಯಿಲ್ಲದ್ದು ಎಂದು ಎಣಿಸುವುದು ಎಂದರ್ಥ. ಆ ಪದಕ್ಕೇ ಅದು ಚೆನ್ನಾಗಿ ಹೊಂದುತ್ತದೆ.

ಇನ್ನು ಸ್ಕ್ರ್ಯಾಬಲ್ ಆಡಲು ಕುಳಿತರೆ ಈ ಪದಗಳು ಹಲಗೆಯಲ್ಲೇ ಹಿಡಿಸುವುದಿಲ್ಲ. ಒಂದು ಸಾಲಿಗೆ ಇರುವುದು 15 ಮನೆ, ಕೈಯಲ್ಲಿ 7 ಬಿಲ್ಲೆ. ಈ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ದಿನಪತ್ರಿಕೆಯ ಪುಟಗಳಲ್ಲಿ ಎಣಿಸಿದರು. ಹಾಗಾಗಿ 100 ಬಿಲ್ಲೆಗಳಲ್ಲಿ ಇ 12, ಅದಕ್ಕೆ 1 ಅಂಕ. ಕ್ಯೂ ಒಂದೇ ಒಂದು, ಅದಕ್ಕೆ 10. ಪೂರೈಕೆ ಕಡಿಮೆಯಾದರೆ ಬೆಲೆ ಹೆಚ್ಚು, ನಮ್ಮ ಕಾಮರ್ಸ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಯೂ ಬಂದು ಯು ಬರದಿದ್ದರೆ ಹೆಚ್ಚಿನವರು ಕೈಚೆಲ್ಲುತ್ತಾರೆ. ಯು ಹಿಂಬಾಲಿಸದ ಕ್ಯೂ ಪದಗಳಲ್ಲಿ ಬಹಳಷ್ಟು ಅರಬ್ಬಿಯ ಕಾಫ್ ಅಕ್ಷರದಿಂದ ಬಂದವು. ಸ್ಕ್ರ್ಯಾಬಲ್ ಆಟಗಾರರು ಬಳಸುವ ಕಾಲಿನ್ಸ್ ಪದಪಟ್ಟಿ ನೋಡಿ: ಫಕೀರ್ 17, ಬುರ್ಖಾ 16, ಖಾಜಿ 14. ಖವ್ವಾಲಿ ಇಂಗ್ಲಿಷಿನಲ್ಲಿ ಸರಿಯಾಗಿ 7 ಅಕ್ಷರ. 22 ಅಂಕ, ಏಳೂ ಬಿಲ್ಲೆ ಒಟ್ಟಿಗೆ ಇಟ್ಟರೆ ಇನ್ನೂ 50. ಇವೆಲ್ಲ ನಮ್ಮ ಅಜ್ಜಿಯಂದಿರಿಗೂ ಗೊತ್ತಿರುವ ಪದಗಳು. (ನಮ್ಮ ದಖ್ಖನಿ ಮಾತಿನಲ್ಲಿ ಆ ಕಾಫ್ ಅನ್ನು ಖ ಎಂದೇ ಹೇಳುತ್ತೇವೆ, ಉರ್ದು ಮೇಷ್ಟ್ರು ಎಷ್ಟು ತಿದ್ದಿದರೂ. ಬಿಲ್ಲೆಗೆ ಉಚ್ಚಾರಣೆ ಕೇಳಿಸುವುದಿಲ್ಲ.) ಲಕ್ಷ, ಕೋಟಿಗೆ ಇಂಗ್ಲಿಷಿನಲ್ಲಿ ಬಳಸುವ ಲಾಖ್, ಕ್ರೋರ್ ಕೂಡ ಆ ಪಟ್ಟಿಯಲ್ಲಿವೆ.

ಒಂದು ಹಲಗೆಗೆ ನಾಲ್ವರು ಕೂರಬಹುದು. ಲೈಬ್ರರಿಗೆ ಎರಡು ಹಲಗೆ, ಒಂದು ಪದಪಟ್ಟಿ ತರಿಸಿ ಎಂದು ಇಂಗ್ಲಿಷ್ ವಿಭಾಗದವರನ್ನು ಕೇಳಿಕೊಳ್ಳುತ್ತೇನೆ. ಮುಂದಿನ ಸ್ಪರ್ಧೆಯಲ್ಲಿ ಹಿಂದಿನ ಬೆಂಚಿನವರಿಗೆ ಮೊದಲ ಆಟ ಕೊಡಿ.